ಓದುಗರ ಪ್ರಶ್ನೆ: ಕಡಲತೀರದ ಚಿತ್ರಕಾರ್ಡುಗಳು

ಪ್ರಶ್ನೆ: ದೇವರಾಜ ಅರಸು ರಸ್ತೆಯ ಅಂಗಡಿಯೊಂದರಲ್ಲಿ ಇಂಗ್ಲೆಂಡಿನ ಕಡಲತೀರದ ಹಳೆಯ ಶೈಲಿಯ ಚಿತ್ರಕಾರ್ಡುಗಳನ್ನು ಕಂಡೆ. ಈ ಶೈಲಿ ಬೆಳೆದದ್ದು ಹೇಗೆ? ಕಾರ್ಡು ನಿಜಕ್ಕೂ ಹಳೆಯದೆಂದು ತಿಳಿಯುವ ಬಗೆ ಯಾವುದು?
– ಓದುಗರೊಬ್ಬರು, ಸರಸ್ವತಿಪುರಂ, ಮೈಸೂರು

ಉತ್ತರ: ಇಂಗ್ಲೆಂಡಿನ ಜನರನ್ನು ಕಡಲತೀರಕ್ಕೆ ಮೊದಲು ಕರೆತಂದದ್ದು ಆರೋಗ್ಯದ ಆಸೆ. 1750ರ ದಶಕದಲ್ಲಿ ರಿಚರ್ಡ್ ರಸೆಲ್ ಎಂಬ ವೈದ್ಯರು ಸಮುದ್ರದ ನೀರಿನಲ್ಲಿ ಮೀಯುವುದನ್ನಷ್ಟೇ ಅಲ್ಲದೆ ಅದನ್ನು ಕುಡಿಯುವುದನ್ನೂ ಔಷಧವೆಂದು ಸಾರಿದ ಮೇಲೆ, ಬ್ರೈಟನ್ ಎಂಬ ಮೀನುಗಾರರ ಊರು ಸಿರಿವಂತರ ತಾಣವಾಗತೊಡಗಿತು. 1841ರಲ್ಲಿ ಲಂಡನ್ನಿನಿಂದ ಅಲ್ಲಿಗೆ ರೈಲು ಬಂದ ನಂತರ ಸಾಮಾನ್ಯ ಕುಟುಂಬಗಳೂ ಒಂದು ದಿನದ ಮಟ್ಟಿಗೆ ಕಡಲನ್ನು ಕಂಡು ಮರಳುವಂತಾಯಿತು.

ತಾವು ಕಂಡ ಶೈಲಿಯ ತಾಯಿಬೇರು ರೈಲ್ವೆ ಕಂಪನಿಗಳ ಭಿತ್ತಿಪತ್ರಗಳಲ್ಲಿದೆ. ಸ್ಕೆಗ್ನೆಸ್ ಊರಿನ ಪ್ರಚಾರಕ್ಕಾಗಿ 1908ರಲ್ಲಿ ಜಾನ್ ಹ್ಯಾಸಲ್ ಬರೆದ ಚಿತ್ರದಲ್ಲಿ, ದಪ್ಪ ಮೈಯ ಮೀನುಗಾರನೊಬ್ಬ ಕೈಗಳನ್ನು ಅಗಲಿಸಿ ಮರಳ ಮೇಲೆ ಕುಣಿಯುತ್ತಾ ಬರುತ್ತಾನೆ. ಅಷ್ಟು ಉಲ್ಲಾಸವನ್ನು ಛಾಯಾಚಿತ್ರ ಕೊಡಲಾರದೆಂದು ನನ್ನ ನಂಬಿಕೆ. ಈ ಭಿತ್ತಿಪತ್ರಗಳನ್ನು ಮುದ್ರಿಸುತ್ತಿದ್ದ ಕಲ್ಲಚ್ಚಿನಲ್ಲಿ, ಅಂದರೆ ಕಲ್ಲಿನ ಮೇಲೆ ಚಿತ್ರ ಬರೆದು ಅಚ್ಚೊತ್ತುವ ವಿಧಾನದಲ್ಲಿ, ಒಂದೊಂದು ಬಣ್ಣಕ್ಕೂ ಬೇರೆ ಕಲ್ಲು ಬೇಕಾಗುತ್ತಿದ್ದುದರಿಂದ, ಕಲಾವಿದರು ಕೆಲವೇ ಬಣ್ಣಗಳನ್ನು ಅಗಲವಾಗಿ, ಒಂದೇ ಹದದಲ್ಲಿ ತುಂಬುವ ಜಾಣ್ಮೆಯನ್ನು ರೂಢಿಸಿಕೊಂಡರು.

ಇನ್ನು ಎರಡನೆಯ ಪ್ರಶ್ನೆ. ಬ್ರಿಟನ್ನಿನ ಅಂಚೆ ಇಲಾಖೆ ಖಾಸಗಿಯವರ ಚಿತ್ರಕಾರ್ಡಿಗೆ ಒಪ್ಪಿಗೆ ಕೊಟ್ಟದ್ದು 1894ರಲ್ಲಿ. 1902ರವರೆಗೆ ಕಾರ್ಡಿನ ಒಂದು ಬದಿ ವಿಳಾಸಕ್ಕೇ ಮೀಸಲಾಗಿದ್ದುದರಿಂದ, ಸಂದೇಶವನ್ನು ಚಿತ್ರದ ಪಕ್ಕದಲ್ಲಿಯೇ ಇಕ್ಕಟ್ಟಾಗಿ ಬರೆಯಬೇಕಿತ್ತು. ನಡುವೆ ಗೆರೆಯಿದ್ದು, ಎಡಕ್ಕೆ ಸಂದೇಶ, ಬಲಕ್ಕೆ ವಿಳಾಸ ಎಂದಿದ್ದರೆ ಅದು ಅನಂತರದ ಕಾರ್ಡು. ಹಿಂಬದಿಯಲ್ಲಿ ಬಾರ್‌ಕೋಡೋ ಜಾಲತಾಣದ ವಿಳಾಸವೋ ಕಂಡರೆ ಅದು ಈಚಿನ ಮುದ್ರಣವೆಂದು ತಿಳಿಯಿರಿ.