ಧರ್ಮವನ್ನು ಪ್ರಶ್ನಿಸುವ ಕಥೆ, ಸಿನಿಮಾ ಎಲ್ಲವೂ ಧರ್ಮವಿರೋಧಿಯೇ?

ಅಲ್ಲ. ನಮ್ಮ ಕಾಸರಗೋಡಿನಲ್ಲೇ ಹುಟ್ಟಿದ ಸಾರಾ ಅಬೂಬಕ್ಕರ್ ಅವರ 'ಚಂದ್ರಗಿರಿಯ ತೀರದಲ್ಲಿ' ಕಾದಂಬರಿ ನೋಡಿ. ಕಥಾನಾಯಕಿ ನಾದಿರಾಳ ಅಪ್ಪ ಹಠ ಹಿಡಿದು ಅಳಿಯನಿಂದ ತಲಾಖ್ ಕೊಡಿಸುತ್ತಾನೆ. ಗಂಡ ಹೆಂಡತಿಗೆ ಮತ್ತೆ ಒಂದಾಗುವ ಆಸೆ. ಆದರೆ ಅದಕ್ಕೆ ಅವಳು ಮೊದಲು ಇನ್ನೊಬ್ಬನನ್ನು ಮದುವೆಯಾಗಿ, ಒಂದು ರಾತ್ರಿ ಅವನ ಜೊತೆ ಕಳೆದು, ಅವನಿಂದಲೂ ತಲಾಖ್ ಪಡೆಯಬೇಕು. ಅವಳು ಮಸೀದಿಯ ಕೆರೆಗೆ ಹಾರುತ್ತಾಳೆ. ಆ ಕೆರೆಯನ್ನು ಲೇಖಕಿ ಸುಮ್ನೆ ಆರಿಸಿದ್ದಲ್ಲ ಅಂತ ನನಗನಿಸುತ್ತದೆ. ಇಲ್ಲಿ ಪ್ರಶ್ನೆ ಇರುವುದು ದೇವರಿಗಲ್ಲ, ದೇವರ ಹೆಸರಲ್ಲಿ ತೀರ್ಮಾನ ಕೊಡುವ ಗಂಡಸರಿಗೆ.

ಸಿನಿಮಾಕ್ಕೂ ಇದೇ ಮಾತು. ಇಂಥದ್ದೇ ಕಥೆಯ, ಬ್ಯಾರಿ ಭಾಷೆಯ 'ಬ್ಯಾರಿ' ಮತ್ತು ಮರಾಠಿಯ 'ದೇವೂಳ್', ಎರಡೂ 2011ನೇ ಸಾಲಿನ ಅತ್ಯುತ್ತಮ ಚಿತ್ರ ರಾಷ್ಟ್ರ ಪ್ರಶಸ್ತಿ ಹಂಚಿಕೊಂಡವು. 'ದೇವೂಳ್'ನಲ್ಲಿ ಹಳ್ಳಿಯೊಂದರ ದತ್ತ (ದತ್ತಾತ್ರೇಯ) ಭಕ್ತಿ ನೋಡನೋಡುತ್ತಲೇ ವ್ಯಾಪಾರವಾಗಿಬಿಡುತ್ತದೆ. ಅದನ್ನು ನೋಡಿ ನಗು ಬರುತ್ತದೆ, ಆದರೆ ದತ್ತನ ಮೇಲಲ್ಲ.

ಇದೇನು ಹೊಸ ಕಾಲದ ಚಾಳಿ ಅಂದುಕೊಳ್ಳಬೇಡಿ. ನಮ್ಮ ಕಾಸರಗೋಡು ಕಡೆಯ ಕುಂಬಳೆ ಸೀಮೆಯ ತಾಳಮದ್ದಳೆಗಳಲ್ಲಿ (ವೇಷ, ಕುಣಿತ ಇಲ್ಲದೆ ಬರೀ ಹಾಡು, ಮಾತಿನಲ್ಲೇ ನಡೆಯುವ ಯಕ್ಷಗಾನ) ಬಾಣ ನಾಟಿಸಿಕೊಂಡು ಬಿದ್ದ ವಾಲಿ, ಮರೆಯಲ್ಲಿ ನಿಂತು ಯಾಕೆ ಹೊಡೆದೆ ಅಂತ ರಾಮನನ್ನೇ ತರಾಟೆಗೆ ತೆಗೆದುಕೊಳ್ಳುತ್ತಾನೆ. ಅದೂ ದೇವಸ್ಥಾನದ ಅಂಗಳದಲ್ಲೇ! ವಾಲಿ ಪಾತ್ರಧಾರಿ ಗಟ್ಟಿಗನಾದರೆ ರಾಮನ ಪಾತ್ರಧಾರಿಗೆ ಉತ್ತರ ಕೊಟ್ಟು ಸಾಕಾಗುತ್ತದೆ. ಕೇಳುವವರೆಲ್ಲ ರಾಮಭಕ್ತರೇ. ಆದರೂ ವಾಲಿಯ ಮಾತಿಗೆ ಜಾಸ್ತಿ ಚಪ್ಪಾಳೆ ಬೀಳುವುದುಂಟು.