ಕೆಟ್ಟಿದ್ದೇನು ಅಂತ ಹೇಳುವವರು ಬೇಕು

ಓದುಗರ ಪತ್ರ:

"ಸಂಪಾದಕರಿಗೆ ನಮಸ್ಕಾರ. ಕಳೆದ ಸಂಚಿಕೆಯಲ್ಲಿ ನಿಮ್ಮ ಹಳೇ ಫೋನಿಗೆ ಬ್ಯಾಟರಿ ಹಾಕಿಸಿದ್ದನ್ನು ಬಹಳ ಖುಷಿಯಿಂದ ಬರೆದಿದ್ದೀರಿ. ನನ್ನ ಫೋನಿಗೂ ನಾಲ್ಕು ವರ್ಷ. ಮಧ್ಯಾಹ್ನಕ್ಕೇ ಚಾರ್ಜ್ ಖಾಲಿ. ಬ್ಯಾಟರಿಗೆ 2,600 ರೂಪಾಯಿ ಕೇಳಿದರು. ಎಕ್ಸ್‌ಚೇಂಜ್‌ಗೆ ಕೊಟ್ಟರೆ ತಿಂಗಳಿಗೆ 1,100ರಂತೆ ಹನ್ನೆರಡು ಕಂತಿಗೆ ಹೊಸ ಫೋನೇ ಬರುತ್ತೆ. ನಾನು ಹೊಸದನ್ನೇ ತಗೊಳ್ತೀನಿ. ರಿಪೇರಿ ಅನ್ನೋದು ಬಡತನದ ಕಾಲದ ಅಭ್ಯಾಸ ಅಂತ ನನಗನ್ನಿಸುತ್ತೆ. ನಮ್ಮಜ್ಜಿಯೂ ಹೀಗೇ, 22 ವರ್ಷದ ಮಿಕ್ಸಿ ಬಿಡೋದೇ ಇಲ್ಲ. ನಿಮ್ಮಂಥವರು ಇದನ್ನು ದೊಡ್ಡ ಗುಣ ಅಂತ ಹೊಗಳಬಾರದು."
— ಓದುಗರೊಬ್ಬರು, ದಾವಣಗೆರೆ

ಸಂಪಾದಕರ ಉತ್ತರ:

ಮೊದಲು ನಿಮ್ಮ ಮಾತಿನಲ್ಲಿ ಸರಿ ಇರುವುದನ್ನು ಒಪ್ಪಿಬಿಡುತ್ತೇನೆ. ಸೆಕ್ಯುರಿಟಿ ಅಪ್‌ಡೇಟ್ ನಿಂತುಹೋದ ಫೋನಿನಲ್ಲಿ ಬ್ಯಾಂಕಿನ ಆ್ಯಪ್, ಯುಪಿಐ ಇಟ್ಟುಕೊಳ್ಳುವುದು ಒಳ್ಳೆಯದಲ್ಲ. ಬ್ಯಾಟರಿ ಉಬ್ಬಿ ಹಿಂದಿನ ಮುಚ್ಚಳ ಮೇಲೆದ್ದಿದ್ದರೆ ಅದನ್ನು ಇನ್ನೊಂದು ದಿನವೂ ಚಾರ್ಜಿಗೆ ಹಾಕಬೇಡಿ. ಹೊಸ ಫೋನು ಬೇಕೇಬೇಕು ಅನ್ನುವ ದಿನ ಎಲ್ಲರಿಗೂ ಬರುತ್ತದೆ. ನಿಮಗೆ ಆ ದಿನ ಬಂದಿದ್ದರೆ ಧಾರಾಳವಾಗಿ ಕೊಳ್ಳಿ.

ಆದರೆ "ಬಡತನದ ಕಾಲದ ಅಭ್ಯಾಸ" ಅಂದಿರಲ್ಲ, ಆ ಮಾತು ನನ್ನನ್ನು ಎರಡು ದಿನ ಬಿಡಲಿಲ್ಲ. ಸುತ್ತಿ ಬಳಸಿ ಬರೆಯದೆ ಅನ್ನಿಸಿದ್ದನ್ನು ನೇರವಾಗಿ ಬರೆದಿದ್ದೀರಿ. ಅದಕ್ಕೇ ಈ ತಿಂಗಳು ಬೇರೆ ಪತ್ರಗಳನ್ನು ಬದಿಗಿಟ್ಟು ನಿಮ್ಮೊಬ್ಬರಿಗೇ ಉತ್ತರ ಬರೆಯುತ್ತಿದ್ದೇನೆ.

ಹೋದ ವರ್ಷ ನಮ್ಮನೆ ಟಿವಿ ಕೆಟ್ಟಿತು. ಮಾತು ಕೇಳುತ್ತದೆ, ಚಿತ್ರ ಇಲ್ಲ. ಕಂಪನಿಯ ಹುಡುಗ ಬಂದ. ರಿಮೋಟ್ ಎರಡು ಸಲ ಒತ್ತಿದ. "ಪ್ಯಾನೆಲ್ ಹೋಗಿದೆ ಸರ್, 14,000 ಆಗುತ್ತೆ, ಅದರ ಬದಲು ಹೊಸದೇ ತಗೊಳ್ಳಿ" ಅಂದ. ಟಿವಿಯ ಹಿಂಬದಿಯ ಒಂದು ಸ್ಕ್ರೂ ಕೂಡ ಬಿಚ್ಚಲಿಲ್ಲ. ನಾನೂ ಹೊಸದಕ್ಕೆ ಮನಸ್ಸು ಮಾಡಿಬಿಟ್ಟಿದ್ದೆ. ಆಮೇಲೆ ಪಕ್ಕದ ಮನೆಯವರು ಹೇಳಿದರು ಅಂತ ನಮ್ಮ ಶಿವಮೊಗ್ಗದಲ್ಲೇ ಹಳೇ ರೇಡಿಯೊ, ಟಿವಿ ರಿಪೇರಿ ಮಾಡುವ ಒಬ್ಬ ಹಿರಿಯರನ್ನು ಕರೆಸಿದೆ. ಅವರು ಕೋಣೆಯ ಲೈಟ್ ಆರಿಸಿ ಅಂದರು. ಟಿವಿ ಹಾಕಿ, ತಮ್ಮ ಮೊಬೈಲಿನ ಟಾರ್ಚನ್ನು ಪರದೆಗೆ ಹತ್ತಿರ ಹಿಡಿದರು. "ಬನ್ನಿ ಇಲ್ಲಿ, ನೋಡಿ" ಅಂತ ನನ್ನನ್ನು ಕರೆದರು. ಟಾರ್ಚಿನ ಬೆಳಕು ಬಿದ್ದ ಕಡೆ, ಮಂಜಿನೊಳಗಿಂದ ಕಂಡ ಹಾಗೆ, ವಾರ್ತೆ ಓದುವವರ ಮುಖ ಕಾಣಿಸುತ್ತಿತ್ತು! "ಚಿತ್ರ ಬರ್ತಾನೇ ಇದೆ ಸ್ವಾಮಿ. ಹಿಂದಿನ ದೀಪ ಆರಿದೆ, ಅಷ್ಟೇ" ಅಂದರು. ಎಲ್‌ಇಡಿ ಪಟ್ಟಿಗಳು ಹೋಗಿದ್ದವು. 1,800 ರೂಪಾಯಿಗೆ ಟಿವಿ ಸರಿಯಾಯಿತು. ಈಗಲೂ ಓಡುತ್ತಿದೆ.

ನಾನು 12,000 ಉಳಿಸಿದೆ ಅಂತ ಇದನ್ನು ಹೇಳುತ್ತಿಲ್ಲ. ಆ ಟಾರ್ಚ್ ಹಿಡಿದ ಗಳಿಗೆಯ ಬಗ್ಗೆ ಹೇಳುತ್ತಿದ್ದೇನೆ. ನನ್ನದೇ ಮನೆಯ ವಸ್ತುವಿಗೆ ಏನಾಗಿದೆ ಎಂದು ನನ್ನ ಕಣ್ಣಿಗೇ ತೋರಿಸಿ ಹೇಳಿದ ಒಬ್ಬ ಮನುಷ್ಯ ಸಿಕ್ಕ. ಇದಕ್ಕೂ ಬಡತನಕ್ಕೂ ಏನು ಸಂಬಂಧ ಹೇಳಿ? ಇದು ತಿಳಿವಳಿಕೆ. ಎಷ್ಟೇ ದುಡ್ಡಿದ್ದರೂ ಒಂದು ಊರಿಗೆ ಈ ತಿಳಿವಳಿಕೆ ಬೇಕು.

ನಮ್ಮಪ್ಪನ ಬಳಿ ಕೀ ಕೊಡುವ ಎಚ್‌ಎಂಟಿ ವಾಚ್ ಇತ್ತು. ಜಪಾನಿನ ಸಿಟಿಜನ್ ಕಂಪನಿಯ ಜೊತೆ ಸೇರಿ ಎಚ್‌ಎಂಟಿ ಬೆಂಗಳೂರಿನಲ್ಲಿ ವಾಚ್ ಕಾರ್ಖಾನೆ ಶುರು ಮಾಡಿದ್ದು 1961ರಲ್ಲಿ. ಆಮೇಲೆ ತುಮಕೂರಿನಲ್ಲೂ ಕಾರ್ಖಾನೆ ಬಂತು. ಆಗ ಬಸ್‌ಸ್ಟ್ಯಾಂಡ್ ಹತ್ತಿರ, ಗಾಜಿನ ಪೆಟ್ಟಿಗೆಯಷ್ಟೇ ಜಾಗದಲ್ಲಿ ವಾಚ್ ರಿಪೇರಿಯವರು ಕೂತಿರುತ್ತಿದ್ದರು. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಚಿಮಟದಲ್ಲಿ ಚಕ್ರಗಳನ್ನು ಒಂದೊಂದೇ ಎತ್ತಿ ಬಿಳಿ ಕಾಗದದ ಮೇಲೆ ಇಡುತ್ತಿದ್ದರು. ಚಿಕ್ಕವನಾದ ನನ್ನನ್ನು ಹತ್ತಿರ ಕರೆದು "ಎಣ್ಣೆ ಒಣಗಿದೆ ಮರಿ, ಅದಕ್ಕೇ ಹಿಂದೆ ಬೀಳ್ತಿದೆ" ಅಂತ ತೋರಿಸಿದ್ದು ಇವತ್ತಿಗೂ ಕಣ್ಣ ಮುಂದಿದೆ. 2016ರಲ್ಲಿ ಕೇಂದ್ರ ಸರಕಾರ ಎಚ್‌ಎಂಟಿ ವಾಚಸ್ ಮುಚ್ಚಲು ತೀರ್ಮಾನಿಸಿತು. ಕಂಪನಿ ಹೋಯಿತು. ಅಪ್ಪನೂ ಇಲ್ಲ. ವಾಚ್ ಮಾತ್ರ ಓಡುತ್ತಿದೆ. ತಯಾರಿಸಿದವರೇ ಇಲ್ಲದಿದ್ದರೂ ಬಿಚ್ಚಿ ನೋಡಬಲ್ಲವರು ಇನ್ನೂ ಅಲ್ಲೊಬ್ಬರು ಇಲ್ಲೊಬ್ಬರು ಇದ್ದಾರೆ, ಅದಕ್ಕೆ.

ನಿಮ್ಮ ದಾವಣಗೆರೆಯ ಸುತ್ತಮುತ್ತಲೇ ನೋಡಿ. ಮೋಟಾರ್ ರಿವೈಂಡಿಂಗ್ ಅಂಗಡಿ ಇಲ್ಲದ ಹೋಬಳಿ ಕೇಂದ್ರ ಸಿಗುತ್ತದಾ? ಬೇಸಿಗೆಯಲ್ಲಿ ವೋಲ್ಟೇಜ್ ಏರಿಳಿದು ಬೋರ್‌ವೆಲ್ಲಿನ ಮೋಟಾರ್ ಸುಟ್ಟುಹೋಗುತ್ತದೆ. ತೋಟ ನೀರಿಲ್ಲದೆ ನಿಂತಿರುತ್ತದೆ. ರೈತ ಪೈಪ್ ಎತ್ತಿಸಿ, ಮೋಟಾರನ್ನು ಗೂಡ್ಸ್ ಗಾಡಿಗೆ ಹಾಕಿಕೊಂಡು ಬರುತ್ತಾನೆ. ಅಂಗಡಿಯವನು ಸುಟ್ಟ ತಂತಿ ಕಿತ್ತು ಹೊಸ ತಾಮ್ರದ ತಂತಿ ಸುತ್ತಿ ಕೊಡುತ್ತಾನೆ. ಎಷ್ಟು ಸುತ್ತು, ಯಾವ ಗೇಜಿನ ತಂತಿ ಎನ್ನುವುದೆಲ್ಲ ಅವನ ಕೈಗೇ ಗೊತ್ತು. ನಮ್ಮ ನೀರಾವರಿ ಬೇಸಾಯ ಇಷ್ಟು ವರ್ಷ ನಡೆದಿರುವುದರಲ್ಲಿ ಈ ಅಂಗಡಿಗಳ ಪಾಲು ದೊಡ್ಡದು. ನಾಳೆ ಆ ಮೋಟಾರಿಗೂ ಒಂದು ಚಿಪ್ ಇಟ್ಟು "ನಮ್ಮ ಸರ್ವಿಸ್ ಸೆಂಟರಿನಲ್ಲೇ ಬಿಚ್ಚಬೇಕು" ಅಂದರೆ ಏನಾಗುತ್ತದೆ ಯೋಚಿಸಿ. ಅಮೆರಿಕದ ರೈತರು ತಮ್ಮ ಟ್ರ್ಯಾಕ್ಟರುಗಳ ವಿಷಯದಲ್ಲಿ ಇದೇ ಗೋಳು ಅನುಭವಿಸಿದರು. ಕೊನೆಗೆ ಕೊಲೊರಾಡೊ ರಾಜ್ಯ 2023ರಲ್ಲಿ, ಕೃಷಿ ಯಂತ್ರಗಳ ರಿಪೇರಿಗೆ ಬೇಕಾದ ಬಿಡಿಭಾಗ, ಮಾಹಿತಿ, ಸಾಫ್ಟ್‌ವೇರ್ ಎಲ್ಲವನ್ನೂ ರೈತರಿಗೂ ಹೊರಗಿನ ಮೆಕ್ಯಾನಿಕ್‌ಗಳಿಗೂ ಕೊಡಬೇಕು ಎಂದು ಕಾನೂನು ಮಾಡಬೇಕಾಯಿತು.

ಫೋನುಗಳಲ್ಲಿ ಇದು ಆಗಲೇ ನಡೆದಿದೆ. ಮೊದಲು ಬ್ಯಾಟರಿಯನ್ನು ಹೆಬ್ಬೆರಳಿನಿಂದ ತೆಗೆಯಬಹುದಿತ್ತು. ಈಗ ಅಂಟು ಹಾಕಿ ಕೂರಿಸುತ್ತಾರೆ. ಹೀಟ್ ಗನ್ ಇಲ್ಲದೆ ಮುಚ್ಚಳ ಏಳುವುದಿಲ್ಲ. ಅದೂ ಸಾಲದು ಅಂತ ಕೆಲವು ಕಂಪನಿಗಳು ಒಂದೊಂದು ಭಾಗಕ್ಕೂ ನಂಬರ್ ಕೊಟ್ಟು ಮದರ್‌ಬೋರ್ಡಿಗೆ ಜೋಡಿ ಮಾಡಿಬಿಡುತ್ತವೆ. ನಾನು ಬ್ಯಾಟರಿ ಹಾಕಿಸಿದ ಅಂಗಡಿಯ ಹುಡುಗ ತುಂಬಾ ಬೇಸರದಿಂದ ಹೇಳಿದ: "ಅದೇ ಮಾಡೆಲ್ಲಿನ ಇನ್ನೊಂದು ಫೋನಿಂದ ಒರಿಜಿನಲ್ ಡಿಸ್‌ಪ್ಲೇ ತೆಗೆದು ಹಾಕಿದ್ರೂ, ಇದು ನಕಲಿ ಇರಬಹುದು ಅಂತ ಫೋನಲ್ಲಿ ಮೆಸೇಜ್ ಬರುತ್ತೆ ಸರ್. ಗಿರಾಕಿ ನನ್ನನ್ನೇ ಕಳ್ಳ ಅಂತಾರೆ." ಹತ್ತು ವರ್ಷ ಕೈಪಳಗಿದ ಕೆಲಸಗಾರನನ್ನು ಅವನ ಗಿರಾಕಿಯ ಮುಂದೆಯೇ ಹೀಗೆ ಕಳ್ಳನನ್ನಾಗಿ ಮಾಡುವುದು ನನಗೆ ಸಹಿಸಲಾಗದ ಸಂಗತಿ. ಅಮೆರಿಕದ ಒರೆಗಾನ್ ರಾಜ್ಯ 2024ರಲ್ಲಿ ಕಾನೂನು ತಂದು ಈ ಜೋಡಿ ಮಾಡುವ ಪದ್ಧತಿಗೆ ತಡೆ ಹಾಕಿದೆ.

ಇನ್ನು ನಿಮ್ಮ ಬ್ಯಾಟರಿಯ ವಿಷಯ. 2017ರ ಡಿಸೆಂಬರ್‌ನಲ್ಲಿ ಆಪಲ್ ಕಂಪನಿ ಒಂದು ವಿಷಯ ಒಪ್ಪಿಕೊಂಡಿತು. ಬ್ಯಾಟರಿ ಹಳೆಯದಾದ ಐಫೋನುಗಳನ್ನು ಸಾಫ್ಟ್‌ವೇರ್ ಮೂಲಕ ನಿಧಾನ ಮಾಡುತ್ತಿದ್ದದ್ದು ನಿಜ, ಫೋನು ಇದ್ದಕ್ಕಿದ್ದಂತೆ ಆರಿಹೋಗಬಾರದು ಅಂತ ಹಾಗೆ ಮಾಡಿದೆವು ಎಂದಿತು. ಅಲ್ಲಿಯವರೆಗೆ ಎಷ್ಟೋ ಜನ "ಫೋನು ಹಳೇದಾಯ್ತು" ಅಂದುಕೊಂಡು ಹೊಸದನ್ನು ಕೊಂಡಿದ್ದರು. ಬ್ಯಾಟರಿ ಬದಲಿಸಿದ್ದರೆ ಸಾಕಿತ್ತು. ಆಮೇಲೆ ಕಂಪನಿ ಬ್ಯಾಟರಿ ಬದಲಿಸುವ ದರವನ್ನು 79 ಡಾಲರಿನಿಂದ 29ಕ್ಕೆ ಇಳಿಸಿತು. 2020ರಲ್ಲಿ, ಅಮೆರಿಕದಲ್ಲಿ ಹಾಕಿದ ದಾವೆ ಮುಗಿಸಲು 50 ಕೋಟಿ ಡಾಲರ್‌ವರೆಗೆ ಕೊಡಲು ಒಪ್ಪಿತು. ನಿಮ್ಮ ಫೋನು ಯಾವ ಕಂಪನಿಯದೋ ನೀವು ಬರೆದಿಲ್ಲ. ಆದರೆ ಮಧ್ಯಾಹ್ನಕ್ಕೇ ಚಾರ್ಜ್ ಮುಗಿಯುವುದು ಫೋನು ಸತ್ತ ಲಕ್ಷಣ ಅಲ್ಲ. ಲಿಥಿಯಂ ಬ್ಯಾಟರಿ ನೂರಾರು ಸಲ ಚಾರ್ಜ್ ಆದ ಮೇಲೆ ಸಹಜವಾಗಿಯೇ ಸೊರಗುತ್ತದೆ. ಸೈಕಲ್ಲಿನ ಟೈರ್ ಸವೆದಿದೆ ಅಂತ ಸೈಕಲ್ಲನ್ನೇ ಕೊಟ್ಟುಬಿಡುತ್ತೀರಾ?

ನಿಮ್ಮ ಲೆಕ್ಕವನ್ನೂ ಒಮ್ಮೆ ನೋಡೋಣ. ಹನ್ನೆರಡು ಕಂತು ಸೇರಿದರೆ 13,200. ಅದರ ಮೇಲೆ ನಿಮ್ಮ ಹಳೇ ಫೋನೂ ಹೋಯಿತು. ನೀವು 2,600ರ ಪಕ್ಕ 1,100 ಇಟ್ಟು ಹೋಲಿಸಿದ್ದೀರಿ. ಕಂತು ಅನ್ನುವುದು ಮಾಡುವ ಕೆಲಸವೇ ಇದು, ದೊಡ್ಡ ಮೊತ್ತವನ್ನು ಕಣ್ಣಿಂದ ಮರೆ ಮಾಡುವುದು. ಓದಿದವರು, ದುಡಿಯುವವರು, ನೀವು ಇದರಲ್ಲಿ ಬೀಳಬಾರದಿತ್ತು. ಬೈಯುತ್ತಿಲ್ಲ, ಪ್ರೀತಿಯಿಂದಲೇ ಹೇಳುತ್ತಿದ್ದೇನೆ.

ಹೊಸದು ಯಾವಾಗಲೂ ಅಗ್ಗವಾಗಿಯೇ ಇರುತ್ತದೆ ಎಂದೂ ನಂಬಬೇಡಿ. 2025ರ ಕೊನೆಗೆ ಎಐ ಡೇಟಾ ಸೆಂಟರುಗಳು ಫೋನು, ಕಂಪ್ಯೂಟರಿಗೂ ಬೇಕಾದ ಮೆಮೊರಿ ಚಿಪ್‌ಗಳನ್ನು ಬಾಚಿಕೊಳ್ಳತೊಡಗಿ ಜಗತ್ತಿನಲ್ಲೆಲ್ಲ ರ‍್ಯಾಮ್ ಬೆಲೆ ಏರಿತು. ಇಂಥ ಚಿಪ್ ತಯಾರಿಸುವ ಮೈಕ್ರಾನ್ ಕಂಪನಿ ಡಿಸೆಂಬರ್‌ನಲ್ಲಿ, ಜನಸಾಮಾನ್ಯರಿಗೆ ರ‍್ಯಾಮ್ ಮಾರುತ್ತಿದ್ದ ತನ್ನ ಕ್ರೂಷಿಯಲ್ ವ್ಯಾಪಾರವನ್ನೇ ಬಿಡುವುದಾಗಿ ಹೇಳಿತು. ಅದಕ್ಕೂ ಮುಂಚೆ, ಅಕ್ಟೋಬರ್ 14ಕ್ಕೆ, ಮೈಕ್ರೋಸಾಫ್ಟ್ ವಿಂಡೋಸ್ 10ಕ್ಕೆ ಕೊಡುತ್ತಿದ್ದ ಬೆಂಬಲ ನಿಲ್ಲಿಸಿತು. ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಇಲ್ಲದ, ಪ್ರೊಸೆಸರ್ ಸ್ವಲ್ಪ ಹಳೆಯದಾದ ಕಂಪ್ಯೂಟರುಗಳನ್ನು ವಿಂಡೋಸ್ 11 ಒಪ್ಪುವುದಿಲ್ಲ. ಅವುಗಳಲ್ಲಿ ಎಷ್ಟೋ ಯಂತ್ರಗಳು ಇನ್ನೂ ಚೆನ್ನಾಗಿಯೇ ಕೆಲಸ ಮಾಡುತ್ತವೆ. ವಿಂಡೋಸ್ ಬದಲು ಪುಕ್ಕಟೆ ಸಿಗುವ ಲಿನಕ್ಸ್ ಹಾಕಿ ಮಕ್ಕಳಿಗೆ ಕೊಡಬಹುದು. ಗುಜರಿಗೆ ಹಾಕಬೇಡಿ. 2022 ಒಂದೇ ವರ್ಷದಲ್ಲಿ ಜಗತ್ತಿನ ಇ-ತ್ಯಾಜ್ಯ 6 ಕೋಟಿ 20 ಲಕ್ಷ ಟನ್ ಎಂದು ವಿಶ್ವಸಂಸ್ಥೆಯ ವರದಿ ಲೆಕ್ಕ ಹಾಕಿದೆ. ಅದರಲ್ಲಿ ಸರಿಯಾಗಿ ಸಂಗ್ರಹವಾಗಿ ಮರುಬಳಕೆಗೆ ಹೋದ ದಾಖಲೆ ಇರುವುದು ಶೇ 22ರಷ್ಟಕ್ಕೆ ಮಾತ್ರ.

ಸರಕಾರಗಳು ಏನೂ ಮಾಡಲಾಗದು ಅನ್ನುವ ಹಾಗೂ ಇಲ್ಲ. ಯುರೋಪಿನ ಒಕ್ಕೂಟದಲ್ಲಿ 2025ರ ಜೂನ್ 20ರಿಂದ ಹೊಸ ನಿಯಮ ಬಂದಿದೆ. ಫೋನಿನ ಮಾಡೆಲ್ ಮಾರಾಟ ನಿಂತ ಮೇಲೂ ಏಳು ವರ್ಷ ಮುಖ್ಯ ಬಿಡಿಭಾಗ ಸಿಗಬೇಕು. ಕನಿಷ್ಠ ಐದು ವರ್ಷ ಅಪ್‌ಡೇಟ್ ಕೊಡಬೇಕು. ಆಸ್ಟ್ರಿಯಾ ದೇಶ 2022ರ ಏಪ್ರಿಲ್‌ನಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ವಿದ್ಯುತ್ ಉಪಕರಣ ರಿಪೇರಿ ಮಾಡಿಸಿದರೆ ಅರ್ಧ ಖರ್ಚನ್ನು, 200 ಯೂರೊವರೆಗೆ, ಸರಕಾರವೇ ಕೊಡತೊಡಗಿತು. ಶ್ರೀಮಂತ ದೇಶ ಅದು. ರಿಪೇರಿಯನ್ನು ಬಡತನ ಅಂತ ಅವರು ನೋಡಲಿಲ್ಲ.

ನಮ್ಮಲ್ಲಿ? ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಜುಲೈನಲ್ಲಿ ರಿಪೇರಿಯ ಹಕ್ಕಿಗಾಗಿ ಸಮಿತಿ ಮಾಡಿತು. ಅದೇ ವರ್ಷ ಡಿಸೆಂಬರ್ 24ರಂದು ಅದಕ್ಕೊಂದು ಪೋರ್ಟಲ್ (ಜಾಲತಾಣ) ಬಂತು. ಎಷ್ಟು ಸುಲಭವಾಗಿ ರಿಪೇರಿ ಮಾಡಬಹುದು ಅಂತ ವಸ್ತುಗಳಿಗೆ ಅಂಕ ಕೊಡುವ ಬಗ್ಗೆ 2025ರ ಮೇ ತಿಂಗಳಲ್ಲಿ ಇನ್ನೊಂದು ಸಮಿತಿಯ ವರದಿ ಬಂತು. ಒಳ್ಳೆಯ ಕೆಲಸವೇ. ಆದರೆ ಕಂಪನಿಗಳು ಹೆದರಬೇಕಾದರೆ ದಂಡ ಹಾಕುವ ಕಾನೂನು ಬೇಕು. ಅದೇ ವರ್ಷ ಸೆಪ್ಟೆಂಬರ್ 22ಕ್ಕೆ ಏಸಿ, ದೊಡ್ಡ ಟಿವಿಗಳ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿಯಿತು. ನವರಾತ್ರಿಯ ಮೊದಲ ದಿನ ಅದು. ಕೊಳ್ಳುವವರಿಗೆ ಅನುಕೂಲವಾಯಿತು, ಸಂತೋಷ. ರಿಪೇರಿ ಅಂಗಡಿಯವನಿಗೆ ಬಿಡಿಭಾಗ ಸಿಗುವ ಹಾಗೆ ಮಾಡುವ ದಿನ ಯಾವಾಗ ಬರುತ್ತದೆ ಅಂತ ನಾನು ಕೇಳುತ್ತಲೇ ಇರುತ್ತೇನೆ.

ನನ್ನ ಸಂಕಟ ಬರೀ ಫೋನು, ಟಿವಿಯದ್ದಲ್ಲ. ಕೆಟ್ಟಿದ್ದೇನು ಅಂತ ಹೇಳುವವರೇ ನಮ್ಮ ಸುತ್ತ ಕಡಿಮೆಯಾಗುತ್ತಿದ್ದಾರೆ. ಎರಡು ತಿಂಗಳ ಹಿಂದೆ ಒಂದು ಕಚೇರಿಗೆ ಒಂದು ದಾಖಲೆಗಾಗಿ ನಾಲ್ಕು ಸಲ ಹೋದೆ. ನಾಲ್ಕು ಸಲವೂ "ಸರ್ವರ್ ಡೌನ್" ಅಂದರು. ಎಲ್ಲಿಯ ಸರ್ವರ್, ಏನಾಗಿದೆ, ಯಾವಾಗ ಸರಿಹೋಗುತ್ತದೆ? ಕೌಂಟರಿನಲ್ಲಿ ಕೂತ ಹೆಣ್ಣುಮಗಳಿಗೂ ಗೊತ್ತಿಲ್ಲ, ಪಾಪ. ನನ್ನ ಹಿಂದೆ ನಿಂತ ಮುದುಕರೊಬ್ಬರು ಹಳ್ಳಿಯಿಂದ ಎರಡು ಬಸ್ ಬದಲಿಸಿ ಬಂದಿದ್ದರು. ಅವರು ಯಾರನ್ನು ಕೇಳಬೇಕು? ಯುಪಿಐನಲ್ಲಿ ದುಡ್ಡು ಸಿಕ್ಕಿಹಾಕಿಕೊಂಡರೆ ಬರುವ ಉತ್ತರವೂ ಇಷ್ಟೇ: "ಏನೋ ತಪ್ಪಾಗಿದೆ, ಮತ್ತೆ ಪ್ರಯತ್ನಿಸಿ." ಹೆಲ್ಪ್‌ಲೈನಿಗೆ ಫೋನ್ ಮಾಡಿದರೆ ಒಂದು ಒತ್ತಿ, ಎರಡು ಒತ್ತಿ. ಟಾರ್ಚ್ ಹಿಡಿದು "ಬನ್ನಿ ಇಲ್ಲಿ, ನೋಡಿ" ಅನ್ನುವ ಒಬ್ಬ ಮನುಷ್ಯ ಆ ಕಡೆ ಇಲ್ಲ. ಇದು ಹೀಗೇ ಅಂತ ನಾವೂ ಸುಮ್ನೆ ಒಗ್ಗಿಕೊಂಡುಬಿಟ್ಟಿದ್ದೇವೆ. ನನಗೆ ಎಲ್ಲಕ್ಕಿಂತ ಜಾಸ್ತಿ ಭಯ ಹುಟ್ಟಿಸುವುದು ಆ ಒಗ್ಗಿಕೊಳ್ಳುವಿಕೆ.

ಟಿವಿ ರಿಪೇರಿಯ ಆ ಹಿರಿಯರಿಗೆ ಈಗ 70 ದಾಟಿದೆ. ಕೆಲಸ ಕಲಿಯಲು ಯಾರಾದರೂ ಬರ್ತಾರಾ ಅಂತ ಕೇಳಿದೆ. "ಕೊನೆಯ ಹುಡುಗ ಬಿಟ್ಟು ಆರು ವರ್ಷ ಆಯ್ತು. ಈಗ ಡೆಲಿವರಿ ಕೆಲಸ ಮಾಡ್ತಾನೆ. ಹೊಸ ಟಿವಿ ತಂದು ಮನೆಗಳಿಗೆ ಕೊಡ್ತಾನೆ" ಅಂದರು.

ಈಗ ನಿಮ್ಮಜ್ಜಿಯ ಮಿಕ್ಸಿಯ ವಿಷಯಕ್ಕೆ ಬರುತ್ತೇನೆ. ಪತ್ರದಲ್ಲಿ ನನಗೆ ಅತಿ ಇಷ್ಟವಾದ ಸಾಲು ಅದು. 22 ವರ್ಷ ಒಂದು ಮಿಕ್ಸಿ ಸುಮ್ಮನೆ ಬಾಳುವುದಿಲ್ಲ. ಜಾರ್ ಕೂರುವ ಜಾಗದ ರಬ್ಬರ್ ಕಪ್ಲರ್ ಹಲ್ಲು ಸವೆದು ತಿರುಗದೇ ಹೋಗಿರುತ್ತದೆ, ಬದಲಿಸಿರುತ್ತಾರೆ. ಮೋಟಾರಿನ ಕಾರ್ಬನ್ ಬ್ರಷ್ ಸವೆದು ಕಿಡಿ ಹಾರಿರುತ್ತದೆ, ಬದಲಿಸಿರುತ್ತಾರೆ. ಬ್ಲೇಡ್ ಸಾಣೆ ಹಿಡಿಸಿರುತ್ತಾರೆ. ದೋಸೆ ಹಿಟ್ಟಿಗೆ ಎಷ್ಟು ಹೊತ್ತು ಓಡಿಸಬೇಕು, ಬಿಸಿಯಾದರೆ ಯಾವಾಗ ನಿಲ್ಲಿಸಬೇಕು, ಶಬ್ದ ಕೇಳಿಯೇ ಅವರಿಗೆ ಗೊತ್ತಾಗುತ್ತದೆ. ನೀವು ಅದನ್ನು ಹಟ ಅಂದುಕೊಂಡಿದ್ದೀರಿ. ಒಂದು ಸಂಜೆ ಅವರ ಹತ್ತಿರ ಕೂತು ಕೇಳಿ ನೋಡಿ.

ಫೋನಿನ ತೀರ್ಮಾನ ನಿಮ್ಮದೇ. ಕೊಳ್ಳುವ ಮುಂಚೆ ಮಾತ್ರ ಎರಡು ಕೆಲಸ ಮಾಡಿ. ಸೆಟ್ಟಿಂಗ್ಸ್‌ಗೆ ಹೋಗಿ ಕೊನೆಯ ಸೆಕ್ಯುರಿಟಿ ಅಪ್‌ಡೇಟ್ ಯಾವ ತಿಂಗಳದ್ದು ನೋಡಿ. ಹತ್ತಿರದ ಅಂಗಡಿಯಲ್ಲಿ ಇನ್ನೊಂದು ಸಲ ಬ್ಯಾಟರಿ ವಿಚಾರಿಸಿ, ಬಿಚ್ಚುವಾಗ ಪಕ್ಕದಲ್ಲೇ ನಿಂತು ನೋಡುತ್ತೇನೆ ಅನ್ನಿ. ಒಳ್ಳೆಯ ಕೆಲಸಗಾರನಾದರೆ ಬೇಡ ಅನ್ನುವುದಿಲ್ಲ.

ಆಮೇಲೆ ನನಗೊಂದು ಪತ್ರ ಬರೆಯಿರಿ. ಆ ಮಿಕ್ಸಿಯ ಕಪ್ಲರ್ ಈವರೆಗೆ ಎಷ್ಟು ಸಲ ಬದಲಾಯಿತು, ಬದಲಿಸಿದವರ ಅಂಗಡಿ ದಾವಣಗೆರೆಯ ಯಾವ ಬೀದಿಯಲ್ಲಿದೆ, ಈಗಲೂ ಬಾಗಿಲು ತೆಗೆಯುತ್ತದಾ ಅಂತ ಅಜ್ಜಿಯನ್ನು ಕೇಳಿ ತಿಳಿಸಿ.

— ಸಂ.