ರೋಬೋ ಬಂತು ಅಂತ ಅಣ್ಣನ ಕೆಲ್ಸ ತೆಗೆದ್ರು, ಕೇಳೋಕೆ ಹಕ್ಕಿದ್ಯಾ?

ಪ್ರಶ್ನೆ: ಸರ್, ನಮ್ಮಣ್ಣ ಕಾಂಟ್ರಾಕ್ಟರ್ ಕೈಕೆಳಗೆ ಹತ್ತನ್ನೆರಡು ವರ್ಷದಿಂದ ಯುಜಿಡಿ (ಒಳಚರಂಡಿ) ಕೆಲ್ಸ ಮಾಡ್ತಿದ್ದ. ಈಗ ಮ್ಯಾನ್‌ಹೋಲ್ ಕ್ಲೀನ್ ಮಾಡೋ ರೋಬೋ ಬಂದಿದೆ, ನೀನಿನ್ನು ಬರ್ಬೇಡ ಅಂದ್ಬಿಟ್ರು. ಗುಂಡಿಗೆ ಇಳಿಯೋದು ತಪ್ತು, ಅದು ಖುಷಿನೇ, ಆದ್ರೆ ಮನೆ ನಡೀಬೇಕಲ್ವಾ?

ಉತ್ತರ (ಕಾರ್ಮಿಕ ವಕೀಲರು): ಧಾರಾಳವಾಗಿ ಕೇಳಿ. ರೋಬೋ ತರ್ಸಿದ್ದು ಯಾರೂ ನಿಮಗೆ ಮಾಡಿದ ಉಪಕಾರ ಅಲ್ಲ. ಸುರಕ್ಷತಾ ಸಾಮಗ್ರಿ ಕೊಡದೆ ಮನುಷ್ಯರನ್ನ ಒಳಚರಂಡಿಗೆ ಇಳಿಸೋದು ಮಲ ಹೊರೋ ಪದ್ಧತಿ ನಿಷೇಧ ಮತ್ತು ಪುನರ್ವಸತಿಯ 2013ರ ಕಾಯ್ದೆ ಪ್ರಕಾರ ಅಪರಾಧ, ಮೊದಲ್ನೇ ಸಲಕ್ಕೇ 2 ವರ್ಷದವರೆಗೂ ಜೈಲಾಗಬಹುದು, ಮೆಷಿನ್ ಬಳಸೋದು ಸ್ಥಳೀಯ ಸಂಸ್ಥೆಯ ಕರ್ತವ್ಯ ಅಂತಾನೂ ಅದ್ರಲ್ಲೇ ಇದೆ. ಬರಿಗೈಲಿ ಇಳಿಸಿದ್ರೆ ಇಷ್ಟು ವರ್ಷ ನಡೆದಿದ್ದೇ ಅಪರಾಧ.

ಆಫೀಸಲ್ಲಿ ಏನಂತಾರೆ ಗೊತ್ತಾ, "ನಿಮ್ಮಣ್ಣ ಮಲ ಹೊರೋರ ಲಿಸ್ಟಲ್ಲಿಲ್ಲ, ಚರಂಡಿ ಕೆಲಸದವ, ಪುನರ್ವಸತಿ ಬರಲ್ಲ" ಅಂತಾರೆ. ಇದು ಜಾರಿಕೊಳ್ಳೋ ಮಾತು. 2023ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಒಳಚರಂಡಿಲಿ ಸತ್ತವರ ಕುಟುಂಬಕ್ಕೆ ಪರಿಹಾರನ 10ರಿಂದ 30 ಲಕ್ಷಕ್ಕೆ ಏರಿಸ್ತಲ್ಲ, ಅದೇ ತೀರ್ಪಲ್ಲಿ ಒಳಚರಂಡಿ ಕೆಲಸಗಾರರಿಗೂ ಪೂರ್ತಿ ಪುನರ್ವಸತಿ ಆಗ್ಬೇಕು ಅಂದಿದೆ. ಕೇಂದ್ರದ ನಮಸ್ತೆ ಯೋಜನೆ ಇರೋದೂ ಇವ್ರಿಗೇ, ಅದ್ರಲ್ಲಿ ಅಣ್ಣನ ಹೆಸ್ರು ನೋಂದಣಿ ಆಗಿದ್ಯಾ ಅಂತ ನಾಳೆನೇ ಹೋಗಿ ನೋಡಿ.

ಇನ್ನು ಆ ರೋಬೋ ತಾನಾಗೇ ಓಡಾಡೋದೇನಲ್ಲ. ಕೇರಳದ ಬ್ಯಾಂಡಿಕೂಟ್ ಅನ್ನೋ ಮ್ಯಾನ್‌ಹೋಲ್ ರೋಬೋನೇ ತಗೊಳ್ಳಿ, 2018ರಲ್ಲಿ ತಿರುವನಂತಪುರದಲ್ಲಿ ಶುರುವಾಗಿದ್ದು, ಕಾಲು ಚಾಚ್ಕೊಂಡು ಗುಂಡಿಯೊಳಗೆ ನಿಲ್ಲುತ್ತೆ, ಕೈಲಿ ಹೂಳು ಬಾಚಿ ಬಕೆಟ್‌ಗೆ ತುಂಬುತ್ತೆ, ಆದ್ರೆ ಮೇಲೆ ಸ್ಕ್ರೀನ್ ನೋಡ್ಕೊಂಡು ಅದನ್ನ ನಡೆಸೋನು ಮನುಷ್ಯನೇ, ಅಲ್ಲಿ ಹಿಂದೆ ಗುಂಡಿಗೆ ಇಳೀತಿದ್ದವರಿಗೇ ಟ್ರೈನಿಂಗ್ ಕೊಟ್ಟು ಆಪರೇಟರ್ ಮಾಡಿದ್ರು. ನೀವೂ ಅದನ್ನೇ ಕೇಳಿ. ಯಾವ ಲೈನು ಎಲ್ಲಿ ಕಟ್ಕೊಳ್ಳುತ್ತೆ ಅಂತ ನಿಮ್ಮಣ್ಣನಿಗೆ ಗೊತ್ತಿರೋಷ್ಟು ಇಂಜಿನಿಯರಿಗೂ ಗೊತ್ತಿರಲ್ಲ (ಹೇಳಿದ್ರೆ ಸಿಟ್ಟು ಬರುತ್ತೆ, ಬರ್ಲಿ).

ಪಿಎಫ್, ಇಎಸ್‌ಐ, ಹಾಜರಿ ಪುಸ್ತಕದ ಫೋಟೊ, ಬ್ಯಾಂಕಿಗೆ ಬಂದ ಸಂಬಳ, ಏನಿದ್ರೂ ಜೋಡಿಸಿಟ್ಕೊಳ್ಳಿ, ಡಿಸಿ ಅಧ್ಯಕ್ಷತೆಯ ಜಿಲ್ಲಾ ಜಾಗೃತಿ ಸಮಿತಿಗೆ ಅರ್ಜಿ ಕೊಡಿ, ಒಂದು ಕಾಪಿ ರಾಜ್ಯ ಸಫಾಯಿ ಕರ್ಮಚಾರಿ ಆಯೋಗಕ್ಕೆ, ಎರಡಕ್ಕೂ ಸ್ವೀಕೃತಿ ಮರೀಬೇಡಿ.

ಇನ್ನೊಂದು, ರೋಬೋ ಕೆಟ್ಟ ದಿನ "ಇವತ್ತೊಂದ್ಸಲ ಇಳಿದ್ಬಿಡಪ್ಪ" ಅಂತ ಕಾಂಟ್ರಾಕ್ಟರ್ ಫೋನ್ ಮಾಡಿದ್ರೆ ಅಣ್ಣ ಹೋಗದೇ ಇರ್ಲಿ, ಆ ಕಾಲ್ ರೆಕಾರ್ಡ್ ಮಾಡಿ ಅರ್ಜಿ ಜೊತೆ ಕೊಡಿ.